ಭಾಮೈದನ ಸಾಲಕ್ಕೆ ಜಾಮೀನು: ಮತ್ತಾಯ 5:42 ಕೇಳಲಾ, ಜ್ಞಾನೋಕ್ತಿ 22:26 ಕೇಳಲಾ?

ಮದ್ದೂರು_ಸೈಕಲ್ (ಶುಕ್ರವಾರ ರಾತ್ರಿ 9:20)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ನಮ್ಮದು ಮದ್ದೂರು ಹತ್ತಿರದ ಹಳ್ಳಿ. ನನ್ನದು ಸಣ್ಣ ಸರ್ಕಾರಿ ಕೆಲಸ. ಸಂಬಳ ಕಡಿಮೆ, ಆದರೆ ತಿಂಗಳಿಗೆ ಸರಿಯಾಗಿ ಬರುತ್ತದೆ. ಈಗ ಅದೇ ಕುತ್ತಾಗಿದೆ. ಭಾಮೈದ ಬೆಲ್ಲ ಮಾಡುವ ಆಲೆಮನೆ ಹಾಕುತ್ತೇನೆ ಅಂತ ಹೊರಟಿದ್ದಾನೆ. 8 ಲಕ್ಷ ಬ್ಯಾಂಕ್ ಸಾಲ. ಸಂಬಳದವರೊಬ್ಬರು ಜಾಮೀನು ಹಾಕಬೇಕಂತೆ. ನೆಂಟರಲ್ಲೆಲ್ಲ ಸಂಬಳದವನು ನಾನೊಬ್ಬನೇ.

ಹುಡುಗ ಕೆಟ್ಟವನಲ್ಲ. ಕುಡಿಯುವುದಿಲ್ಲ, ಇಸ್ಪೀಟು ಇಲ್ಲ. ಆದರೆ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಮೂರು ವರ್ಷದ ಹಿಂದೆ ಚೀಟಿ ಎತ್ತಿದವನು ಆಮೇಲೆ ಕಂತು ಕಟ್ಟಲಿಲ್ಲ. ನಮ್ಮ ಮಾವ ಎರಡು ಹಸು ಮಾರಿ ತೀರಿಸಿದರು.

ಹೆಂಡತಿ ಜಗಳ ಏನೂ ಆಡಲಿಲ್ಲ. ರಾತ್ರಿ ಪ್ರಾರ್ಥನೆಗೆ ಕೂತಾಗ ಬೈಬಲಿನಲ್ಲಿ ಮತ್ತಾಯ 5:42 ತೆಗೆದು ಓದಿದಳು. ಕೇಳುವವನಿಗೆ ಕೊಡು, ಸಾಲ ಕೇಳಲು ಬಂದವನಿಂದ ಮುಖ ತಿರುಗಿಸಬೇಡ ಅನ್ನುವ ಮಾತು. ಓದಿದಳು, ಪುಸ್ತಕ ಮುಚ್ಚಿದಳು, ಲೈಟ್ ಆರಿಸಿ ಮಲಗಿದಳು. ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎದ್ದು ನಾನೂ ಹುಡುಕಿದೆ. ಜ್ಞಾನೋಕ್ತಿ 22:26-27 ಸಿಕ್ಕಿತು. ಇನ್ನೊಬ್ಬರ ಸಾಲಕ್ಕೆ ಹೊಣೆ ಆಗಬೇಡ, ತೀರಿಸಲು ಗತಿ ಇಲ್ಲದಿದ್ದರೆ ನೀನು ಮಲಗಿರುವ ಹಾಸಿಗೆಯನ್ನೇ ಎಳೆದುಕೊಂಡು ಹೋಗುತ್ತಾರೆ ಅನ್ನುತ್ತದೆ ಅದು. ಎರಡೂ ದೇವರ ವಾಕ್ಯವೇ. ಯಾವುದಕ್ಕೆ ತಲೆ ಬಾಗಲಿ? ಸೋಮವಾರ ಬ್ಯಾಂಕಿಗೆ ಬಾ ಅಂದಿದ್ದಾನೆ.

ಸುಮ್ನೆ_ಓದುಗ

ಸಹಿ ಹಾಕಬೇಡಿ. ಮುಗಿಯಿತು.

ಬೋಗಾದಿ_ಬಸ್ಸು

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮವರು. ಹೊಣೆಯಾದರೆ ಹಾಸಿಗೆಯೇ ಹೋಗುತ್ತದೆ ಅಂತ ಸೊಲೊಮೋನ. ಒಟ್ಟಿನಲ್ಲಿ ಎಲ್ಲಾ ಕಾಲದಲ್ಲೂ ಸಾಲಗಾರರ ಕಣ್ಣು ಹಾಸಿಗೆ ಮೇಲೆ 😄

ನಿವೃತ್ತ_ಕ್ಯಾಷಿಯರ್

ನಗುವ ವಿಷಯ ಅಲ್ಲ ಇದು. 34 ವರ್ಷ ಬ್ಯಾಂಕಿನಲ್ಲಿದ್ದೆ. ಜಾಮೀನು ಹಾಕಲು ಬಂದವರಲ್ಲಿ ಫಾರಂ ಓದಿದವರನ್ನು ಬೆರಳಲ್ಲಿ ಎಣಿಸಬಹುದು. "ಸುಮ್ನೆ ಒಂದು ಸಹಿ" ಅಂತ ಕರೆದುಕೊಂಡು ಬರುತ್ತಾರೆ, ಕಾಫಿ ಕುಡಿಸುತ್ತಾರೆ, ಸಹಿ ಆಗುತ್ತದೆ.

1872ರ ಕಾಂಟ್ರ್ಯಾಕ್ಟ್ ಕಾಯ್ದೆ, 128ನೇ ಸೆಕ್ಷನ್. ಸಾಲ ತೆಗೆದವನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಕಾಗದದಲ್ಲಿ ಬೇರೆ ಥರ ಬರೆದಿದ್ದರೆ ಮಾತ್ರ ಬೇರೆ. ಜನ ಏನು ಅಂದುಕೊಳ್ಳುತ್ತಾರೆ? ಮೊದಲು ಭಾಮೈದನನ್ನು ಹಿಡಿಯುತ್ತಾರೆ, ಅವನಿಂದ ಆಗಲಿಲ್ಲ ಅಂದರೆ ನನ್ನ ಹತ್ತಿರ ಬರುತ್ತಾರೆ ಅಂತ. ಹಾಗೇನಿಲ್ಲ. ಕಂತು ತಪ್ಪಿದರೆ ಬ್ಯಾಂಕು ನೇರವಾಗಿ ನಿಮ್ಮನ್ನೇ ಕೇಳಬಹುದು. ನಿಮ್ಮ ಸಾಲದ ಇತಿಹಾಸ ಹೇಳುವ ಸಿಬಿಲ್ ವರದಿಯಲ್ಲೂ ಈ ಸಾಲ ಕಾಣುತ್ತದೆ. ನಾಳೆ ಮಗಳ ಓದಿಗೆ ಸಾಲ ಕೇಳಲು ಹೋದಾಗ ಗೊತ್ತಾಗುತ್ತದೆ.

ಹಾಕಲೇಬೇಕು ಅಂದರೆ ಮೂರು ವಿಷಯ ಕೇಳಿ. ನಿಮ್ಮ ಜಾಮೀನು ಪೂರ್ತಿ 8 ಲಕ್ಷಕ್ಕಾ, ಒಂದು ಮಿತಿಗಾ? ಗಾಣ, ಮೋಟಾರು ಬ್ಯಾಂಕಿಗೆ ಅಡಮಾನ ಇದೆಯಾ? ಇದು ಈ ಒಂದು ಸಾಲಕ್ಕೆ ಮಾತ್ರವಾ, ಅವನು ಮುಂದೆ ತೆಗೆಯುವ ಸಾಲಕ್ಕೂ ಸೇರಿ "ಮುಂದುವರಿಯುವ" ಜಾಮೀನಾ? ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿ ಬೇಕು.

ನಂಬಿಕೆಯ_ವೀರ

ಪ್ರೈಸ್ ದ ಲಾರ್ಡ್ ಬ್ರದರ್. ಸೆಕ್ಷನ್ ನೋಡಿ ನಡೆಯುವವರು ಲೋಕದವರು. ನಾವು ನಂಬಿಕೆಯಿಂದ ನಡೆಯುವವರು. ಧೈರ್ಯವಾಗಿ ಸಹಿ ಹಾಕಿ, ಮಿಕ್ಕಿದ್ದನ್ನು ಕರ್ತನು ನೋಡಿಕೊಳ್ಳುತ್ತಾನೆ.

ನಿವೃತ್ತ_ಕ್ಯಾಷಿಯರ್

@ನಂಬಿಕೆಯ_ವೀರ ಹಾಗಾದರೆ ಇನ್ನೊಬ್ಬ ಜಾಮೀನುದಾರರಾಗಿ ನೀವೂ ಸಹಿ ಹಾಕಿ ಬ್ರದರ್. ಸೋಮವಾರ ಹತ್ತೂವರೆಗೆ, ಮದ್ದೂರಿಗೆ.

ಅಯ್ಯನವರ_ಮಗಳು

😂 ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಅಂತ ವಾಕ್ಯ ತೋರಿಸಿದವನು ಯಾರು, ನೆನಪಿದೆಯಾ? ಸೈತಾನ, ಮತ್ತಾಯ 4. ಅವನೂ ಕೀರ್ತನೆಯನ್ನೇ ಹೇಳಿದ. ಯೇಸುಸ್ವಾಮಿ ಇನ್ನೊಂದು ವಾಕ್ಯ ಹೇಳಿ ಬಾಯಿ ಮುಚ್ಚಿಸಿದರು. ಒಂದು ವಾಕ್ಯಕ್ಕೆ ಇನ್ನೊಂದು ವಾಕ್ಯ ಅಡ್ಡ ಬರುವುದು ಹೊಸದೇನಲ್ಲ. ರಾತ್ರಿ ಪೂರ್ತಿ ಬರೆಯುತ್ತೇನೆ, ಈಗ ಮಗು ಅಳುತ್ತಿದೆ.

ಹುಣಸೂರು_ರಸ್ತೆ

ನಾನು ಸಾಮಾನ್ಯವಾಗಿ ಬರೆಯುವುದಿಲ್ಲ. ಆ ಹಾಸಿಗೆಯ ಮಾತು ನೋಡಿ ಸುಮ್ಮನಿರಲು ಆಗಲಿಲ್ಲ.

ನಮ್ಮ ಅಪ್ಪ ಚರ್ಚಿನ ಗಾಯನ ತಂಡದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಅದೇ ತಂಡದ ಗೆಳೆಯರೊಬ್ಬರು ಒಂದು ಸೊಸೈಟಿಯಲ್ಲಿ 2 ಲಕ್ಷ ಸಾಲ ತೆಗೆದರು, ಅಪ್ಪ ಜಾಮೀನು. ಆ ಕಾಲಕ್ಕೆ 2 ಲಕ್ಷ ಅಂದರೆ ದೊಡ್ಡ ಮೊತ್ತ. ಒಂದು ವರ್ಷ ಕಟ್ಟಿದರು. ಆಮೇಲೆ ಒಂದು ಭಾನುವಾರ ಆರಾಧನೆಗೆ ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ತಿರುಪ್ಪೂರಿಗೆ ಹೋದರಂತೆ ಅಂತ ಯಾರೋ ಹೇಳಿದರು. ಅಪ್ಪನ ಸಂಬಳದಲ್ಲಿ ಆರು ವರ್ಷ ಕಡಿತ ಆಯಿತು.

ಅಮ್ಮ ಮದುವೆಯಲ್ಲಿ ತಂದಿದ್ದ ತೇಗದ ಮಂಚ ಇತ್ತು. ಅಕ್ಕನ ಕಾಲೇಜು ಫೀಸಿಗೆ ಅದನ್ನು ಮಾರಿದರು. ಇಬ್ಬರು ಕೂಲಿಯವರು ಬಂದು, ಬಿಚ್ಚಿ, ಗಾಡಿಗೆ ಹಾಕಿಕೊಂಡು ಹೋದದ್ದು ಕಣ್ಣ ಮುಂದೆ ಇದೆ. ಆಗ ನನಗೆ ಹತ್ತು ವರ್ಷ. ದೊಡ್ಡವನಾದ ಮೇಲೆ ಒಂದು ದಿನ ಜ್ಞಾನೋಕ್ತಿ 22 ಓದಿ ದಂಗಾದೆ. ಇದು ನಮ್ಮ ಮನೆಯ ವಿಷಯ, ಇದನ್ನು ಯಾರು ಬರೆದರು ಅನ್ನಿಸಿತು.

ಅಪ್ಪ ಮಾತ್ರ ಒಂದು ದಿನವೂ ಆ ಮನುಷ್ಯನನ್ನು ಬೈಯಲಿಲ್ಲ. ಕೇಳಿದರೆ ಕೀರ್ತನೆ 15 ಹೇಳುತ್ತಿದ್ದರು. ಮಾತು ಕೊಟ್ಟ ಮೇಲೆ ನಷ್ಟ ಆದರೂ ತಪ್ಪದವನು ದೇವರ ಗುಡಾರದಲ್ಲಿ ಇರುತ್ತಾನೆ ಅಂತ. ನಾನು ಈಗಲೂ ಬೈಯುತ್ತೇನೆ.

ಮದ್ದೂರು_ಸೈಕಲ್

ಏನು ಹೇಳಬೇಕೋ ಗೊತ್ತಾಗುತ್ತಿಲ್ಲ ಅಣ್ಣ.

ಲೂರ್ದ್‌ನಗರ_ಟೀಚರ್

ಮನಸ್ಸಿಗೆ ಕಷ್ಟ ಆಯಿತು. ಆದರೂ ಇನ್ನೊಂದು ಕಡೆಯ ಮಾತು ಯಾರಾದರೂ ಹೇಳಬೇಕಲ್ವಾ.

ಮಾರ್ಕ 7ರಲ್ಲಿ "ಕೊರ್ಬಾನ್" ವಿಷಯ ಬರುತ್ತದೆ. ಅಪ್ಪ ಅಮ್ಮನಿಗೆ ಕೊಡಬೇಕಾದ್ದನ್ನು "ಇದು ದೇವರಿಗೆ ಮೀಸಲು" ಅಂತ ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ಯೇಸುಸ್ವಾಮಿ ಅದಕ್ಕೆ ಸರಿಯಾಗಿ ಝಾಡಿಸುತ್ತಾರೆ. ಅಂದರೆ ಮನೆಯವರಿಗೆ ಇಲ್ಲ ಅನ್ನಲು ದೇವರ ಹೆಸರನ್ನು ಗುರಾಣಿ ಮಾಡಿಕೊಳ್ಳುವುದು ಹಳೇ ಚಾಳಿ. ಮದ್ದೂರಿನವರೇ, ಕೋಪ ಮಾಡಿಕೊಳ್ಳಬೇಡಿ. ನಿಮಗೆ ಮೊದಲೇ ಇಲ್ಲ ಅನ್ನುವ ಮನಸ್ಸಿತ್ತು, ಆಮೇಲೆ ವಾಕ್ಯ ಹುಡುಕಿದಿರಿ. ಹೌದಾ ಅಲ್ವಾ?

ಮದ್ದೂರು_ಸೈಕಲ್

...ಹೌದು ಟೀಚರ್.

ಸುಮ್ನೆ_ಓದುಗ

ಅವರ ಹೆಂಡತಿಯೂ ಹಾಗೇ ಹುಡುಕಿದ್ದು! ಅವರಿಗೆ ಯಾಕೆ ಕೊರ್ಬಾನ್ ಇಲ್ಲ?

ಅಯ್ಯನವರ_ಮಗಳು

ಮಗು ಮಲಗಿತು. ಈಗ ನನ್ನ ಪಾಳಿ.

ಜಾಮೀನು ಪಾಪ ಅಂತ ಬೈಬಲ್ ಎಲ್ಲೂ ಹೇಳುವುದಿಲ್ಲ. ಜ್ಞಾನೋಕ್ತಿ ಹೇಳುವುದು ಬುದ್ಧಿಮಾತು, ಆಜ್ಞೆ ಅಲ್ಲ. ಮನೆಯ ಹಿರಿಯರು ಮಗನಿಗೆ ಹೇಳುವ ಧಾಟಿ ಅದು. 6ನೇ ಅಧ್ಯಾಯ ನೋಡಿ, ಇನ್ನೂ ಜೋರಾಗಿದೆ. ಬಾಯಿ ತಪ್ಪಿ ಹೊಣೆ ಆಗಿಬಿಟ್ಟಿದ್ದರೆ ಕಣ್ಣಿಗೆ ನಿದ್ದೆ ಕೊಡದೆ ಓಡು, ಅವನ ಕಾಲು ಹಿಡಿ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಂಡ ಹಾಗೆ ತಪ್ಪಿಸಿಕೋ ಅನ್ನುತ್ತದೆ.

ಆದರೆ ಅದೇ ಬೈಬಲಿನಲ್ಲಿ ಹೊಣೆ ಹೊತ್ತವರೂ ಇದ್ದಾರೆ. ಬರದ ಕಾಲದಲ್ಲಿ ಕಿರಿಮಗ ಬೆನ್ಯಾಮೀನನನ್ನು ಈಜಿಪ್ಟಿಗೆ ಕಳಿಸಲು ಅಪ್ಪ ಯಾಕೋಬ ಒಪ್ಪುವುದಿಲ್ಲ. ಅಣ್ಣ ಯೆಹೂದ "ಇವನಿಗೆ ನಾನು ಹೊಣೆ" ಅನ್ನುತ್ತಾನೆ (ಆದಿಕಾಂಡ 43:9). ಮುಂದಿನ ಅಧ್ಯಾಯದಲ್ಲಿ ಬೆನ್ಯಾಮೀನ ಸಿಕ್ಕಿಬಿದ್ದಾಗ ಅದೇ ಯೆಹೂದ "ಇವನ ಬದಲು ನನ್ನನ್ನು ಗುಲಾಮನಾಗಿ ಇಟ್ಟುಕೊಳ್ಳಿ" ಅಂತ ನಿಲ್ಲುತ್ತಾನೆ. ತಮ್ಮ ಯೋಸೇಫನನ್ನು ಮಾರಿಬಿಡೋಣ ಅಂತ ಹಿಂದೆ ಹೇಳಿದವನೂ ಇವನೇ! ಪೌಲನಂತೂ ಸೆರೆಯಲ್ಲಿ ಕೂತು ಒನೇಸಿಮ ಅನ್ನುವ ಗುಲಾಮನ ಪರವಾಗಿ ಅವನ ಯಜಮಾನ ಫಿಲೆಮೋನನಿಗೆ ಪತ್ರ ಬರೆಯುತ್ತಾನೆ. ಅವನೇನಾದರೂ ಬಾಕಿ ಇದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ, ನಾನೇ ಕೊಡುತ್ತೇನೆ, ಇದು ನನ್ನ ಕೈಬರಹ ಅಂತ. ಥೆಸಲೋನಿಕದಲ್ಲಿ ಪೌಲನಿಗೆ ಮನೆಯಲ್ಲಿ ಜಾಗ ಕೊಟ್ಟಿದ್ದ ಯಾಸೋನ ಜಾಮೀನು ಕೊಟ್ಟು ಬಿಡಿಸಿಕೊಂಡದ್ದು ಅಪೊಸ್ತಲರ ಕೃತ್ಯಗಳು 17:9ರಲ್ಲಿದೆ. ಇಬ್ರಿಯರಿಗೆ 7:22ರಲ್ಲಿ ಯೇಸುವನ್ನೇ ಹೊಣೆಗಾರ ಅಂತ ಕರೆದಿದೆ.

ಹಾಗಾದರೆ ಏನು ವ್ಯತ್ಯಾಸ? ಯೆಹೂದನಿಗೆ ತಾನು ಏನು ಕಳೆದುಕೊಳ್ಳಬಹುದು ಅಂತ ಗೊತ್ತಿತ್ತು. ಗೊತ್ತಿದ್ದೇ ಹೊತ್ತ. ಜ್ಞಾನೋಕ್ತಿ ಹಿಡಿದು ಬಯ್ಯುವುದು ಗೊತ್ತಿಲ್ಲದೆ ಕೈ ಕೊಟ್ಟವನನ್ನು. ಕ್ಯಾಷಿಯರ್ ಅಂಕಲ್ ಹೇಳಿದ ಕಾಫಿ ಕುಡಿದು ಸಹಿ ಹಾಕುವವನನ್ನು.

ಅಶೋಕ_ರಸ್ತೆ_ಹುಡುಗ

ಒಂದು ಡೌಟ್. ಫಿಲೆಮೋನ ಅಂದರೆ ನಮ್ಮ ಮೈಸೂರಿನ ಫಿಲೋಮಿನಾ ಚರ್ಚಿನವರೇನಾ?

ಲೂರ್ದ್‌ನಗರ_ಟೀಚರ್

ಅಯ್ಯೋ ಮಗನೇ! ಫಿಲೆಮೋನ ಗಂಡಸು, ಪೌಲನ ಗೆಳೆಯ. ಫಿಲೋಮಿನಾ ಸಂತಳು, ಹುಡುಗಿ. ಆ ರಸ್ತೆಯಲ್ಲೇ ಇದ್ದುಕೊಂಡು ನೆಲಮಾಳಿಗೆಯಲ್ಲಿ ಅವಳ ಪ್ರತಿಮೆ ನೋಡಿಲ್ವಾ? 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಚರ್ಚು ಅದು. ಗೋಪುರ 175 ಅಡಿ. ಬರೀ ಸೆಲ್ಫಿ ತೆಗೆದು ವಾಪಸ್ ಬರುತ್ತೀರಿ.

ಪಾಂಡವಪುರ_ಗಾಣ

1933 ಅಂದರೆ ನಮ್ಮ ಮಂಡ್ಯದ ಸಕ್ಕರೆ ಕಂಪನಿ ಶುರುವಾದ ವರ್ಷವೂ ಹೌದು. ನಿಮಗೆ ಗೋಪುರ, ನಮಗೆ ಚಿಮಣಿ.

ಲೂರ್ದ್‌ನಗರ_ಟೀಚರ್

ಅಂದಹಾಗೆ @ಅಯ್ಯನವರ_ಮಗಳು, ಅಪೊಸ್ತಲರ ಕೃತ್ಯಗಳು ನಮ್ಮ ಬೈಬಲಿನಲ್ಲಿ ಹುಡುಕಿ ಸುಸ್ತಾದೆ. ನಮ್ಮಲ್ಲಿ ಅದು ಪ್ರೇಷಿತರ ಕಾರ್ಯಕಲಾಪಗಳು. ನಿಮ್ಮ ಯೋಹಾನ ನಮ್ಮ ಯೊವಾನ್ನ. ನೆರೆಮನೆಯಲ್ಲೇ ಇದ್ದು ಹೆಸರೇ ಬೇರೆ ಬೇರೆ.

ಅಯ್ಯನವರ_ಮಗಳು

ಹೌದು ಟೀಚರ್ 😄 ಇನ್ನೊಂದು ತಮಾಷೆ ಕೇಳಿ. ನಮ್ಮ ಹಳೇ ಕನ್ನಡ ಬೈಬಲಿನಲ್ಲಿ ಪವಿತ್ರಾತ್ಮನನ್ನು "ಸಂಚಕಾರ" ಅಂದಿದೆ. ಸಂಚಕಾರ ಅಂದರೆ ವ್ಯಾಪಾರ ಕುದುರಿದಾಗ ಕೊಡುವ ಮುಂಗಡ. ಈಗ ಆ ಪದಕ್ಕೆ ಅಪಾಯ ಅಂತ ಅರ್ಥ ಬಂದುಬಿಟ್ಟಿದೆ, "ಜೀವಕ್ಕೆ ಸಂಚಕಾರ" ಅನ್ನುತ್ತೇವಲ್ಲ. ಯೂತ್ ಮೀಟಿಂಗಿನಲ್ಲಿ ಅದನ್ನು ಓದಿದರೆ ಹುಡುಗರು ಹೆದರುತ್ತಾರೆ. ಮೂಲದಲ್ಲಿ ಅದು ಗ್ರೀಕಿನ "ಅರ್‌ರಬೋನ್", ಹೀಬ್ರೂವಿನಿಂದ ಬಂದ ಪದ. ಜ್ಞಾನೋಕ್ತಿಯ ಹೊಣೆಗೂ ಅದೇ ಧಾತು.

ಬೋಗಾದಿ_ಬಸ್ಸು

ಭಾಮೈದನಿಗೆ ಜಾಮೀನು ನಿಂತವರಿಗೆ ಕೇಳಿ, ಎರಡೂ ಅರ್ಥ ಸರಿಯೇ ಅನ್ನುತ್ತಾರೆ.

ಮಳವಳ್ಳಿ_ಸಂಘದಕ್ಕ

ನೀವೆಲ್ಲ ಒಂದು ಜಾಮೀನಿಗೆ ಇಷ್ಟು ಯೋಚನೆ ಮಾಡುತ್ತೀರಿ. ನಮ್ಮ ಸಂಘದ ಸಾಲದಲ್ಲಿ ಹತ್ತು ಹೆಂಗಸರೂ ಒಬ್ಬರಿಗೊಬ್ಬರು ಜಾಮೀನು. ಒಬ್ಬಳು ವಾರದ ಕಂತು ಕಟ್ಟಲಿಲ್ಲ ಅಂದರೆ ಒಂಬತ್ತು ಜನ ಹಾಕಿ ಕಟ್ಟಬೇಕು. ಇಲ್ಲದಿದ್ದರೆ ವಸೂಲಿಯವನು ಅಲ್ಲಾಡುವುದಿಲ್ಲ. ಒಬ್ಬಳ ಗಂಡ ಆಸ್ಪತ್ರೆಯಲ್ಲಿದ್ದ, ಅವಳಿಗೆ ನಾವೇ ಮೂರು ವಾರ ಹಾಕಿದೆವು. ಬೇಜಾರಿಲ್ಲ. ಇನ್ನೊಬ್ಬಳು ಹೊಸ ಫೋನು ತೆಗೆದುಕೊಂಡು ಕಂತು ಇಲ್ಲ ಅಂದಳು. ಅವಳಿಗೂ ಹಾಕಿದೆವು. ಬೇಜಾರಿದೆ!

ನಮ್ಮ ಮಹಿಳಾ ಕೂಟದಲ್ಲಿ ಗಲಾತ್ಯ 6 ಓದಿದಾಗ ಇದೇ ಜಗಳ ಆಯಿತು. 2ನೇ ವಚನ ಒಬ್ಬರ ಭಾರ ಒಬ್ಬರು ಹೊರಿ ಅನ್ನುತ್ತದೆ. 5ನೇ ವಚನ ಪ್ರತಿಯೊಬ್ಬನೂ ತನ್ನ ಹೊರೆ ತಾನೇ ಹೊರಬೇಕು ಅನ್ನುತ್ತದೆ. ಮೂರೇ ವಚನದಲ್ಲಿ ಪೌಲ ಉಲ್ಟಾ ಹೊಡೆದನಾ?

ಅಯ್ಯನವರ_ಮಗಳು

ಅಕ್ಕ, ಗ್ರೀಕಿನಲ್ಲಿ ಎರಡೂ ಬೇರೆ ಪದ. 2ರಲ್ಲಿ "ಬಾರೊಸ್", ಅಂದರೆ ಮನುಷ್ಯನನ್ನು ಅಮುಕಿಬಿಡುವ ಭಾರ. 5ರಲ್ಲಿ "ಫೊರ್ತಿಯೊನ್", ಪ್ರಯಾಣಕ್ಕೆ ಹೊರಟವನ ಗಂಟುಮೂಟೆ. ಆಸ್ಪತ್ರೆಯದ್ದು ಮೊದಲನೆಯದು. ಫೋನು ಎರಡನೆಯದು.

ಮಳವಳ್ಳಿ_ಸಂಘದಕ್ಕ

ಇದನ್ನು ಮುಂದಿನ ವಾರ ಅವಳ ಎದುರಿಗೇ ಓದುತ್ತೇನೆ.

ಇನ್ನೊಂದು ಮಾತು. ಧರ್ಮೋಪದೇಶಕಾಂಡ 24ರಲ್ಲಿ ಸಾಲ ಕೊಟ್ಟವನು ಅಡವು ತೆಗೆದುಕೊಳ್ಳಲು ಮನೆಯೊಳಗೆ ನುಗ್ಗಬಾರದು, ಹೊರಗೆ ನಿಲ್ಲಬೇಕು ಅಂತಿದೆ. ಬೀಸುವ ಕಲ್ಲನ್ನು ಅಡವು ಇಟ್ಟುಕೊಳ್ಳಬಾರದು, ಬಡವನ ಹೊದಿಕೆಯನ್ನು ಸಂಜೆಯೊಳಗೆ ವಾಪಸ್ ಕೊಡಬೇಕು. ಮೋಶೆಯ ಕಾಲದಲ್ಲೇ ಹೇಳಿದ್ದನ್ನು ನಮ್ಮ ಸರ್ಕಾರ ಹೇಳಲು 2025ರ ಫೆಬ್ರವರಿ ಬರಬೇಕಾಯಿತು. ಕಿರುಸಾಲದ ಕಿರುಕುಳ ತಡೆಯುವ ಸುಗ್ರೀವಾಜ್ಞೆ ಬಂತಲ್ಲ, 10 ವರ್ಷದ ತನಕ ಜೈಲು ಅಂತ. ಅಷ್ಟರಲ್ಲಿ ಎಷ್ಟು ಮನೆಯವರು ಬೀಗ ಹಾಕಿಕೊಂಡು ಊರು ಬಿಟ್ಟಿದ್ದರು.

ಪಾಂಡವಪುರ_ಗಾಣ

ನಾನು ಕ್ರೈಸ್ತನಲ್ಲ, ಗೆಳೆಯ ಲಿಂಕ್ ಕಳಿಸಿದ. ವಚನದ ವಿಷಯ ನನಗೆ ಗೊತ್ತಿಲ್ಲ. ಬೆಲ್ಲದ ವಿಷಯ ಗೊತ್ತು. ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. ಹುಡುಗ ಯಾವತ್ತಾದರೂ ಕೊಪ್ಪರಿಗೆ ಮುಂದೆ ನಿಂತಿದ್ದಾನಾ?

ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ ಒಂದು ಕ್ವಿಂಟಾಲ್ ಬೆಲ್ಲ. ಕಬ್ಬಿನ ತಳಿ, ನೀರು ನೋಡಿಕೊಂಡು ಹೆಚ್ಚುಕಮ್ಮಿ ಆಗುತ್ತದೆ. ಕಬ್ಬಿನವರಿಗೆ ದುಡ್ಡು ಕೊಡಬೇಕು, ಕೆಲಸದವರು ಮುಂಗಡ ಇಲ್ಲದೆ ಬರುವುದಿಲ್ಲ. ಒಲೆಗೆ ಹಾಕುವುದು ಕಬ್ಬಿನ ಸಿಪ್ಪೆ. ಮಳೆ ಹಿಡಿದರೆ ಸಿಪ್ಪೆ ಒಣಗುವುದಿಲ್ಲ, ಗಾಣ ನಿಲ್ಲುತ್ತದೆ. ಗಾಣ ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಪಾಕ ಒಂದು ಗಳಿಗೆ ಜಾಸ್ತಿಯಾದರೆ ಬೆಲ್ಲ ಕಪ್ಪು, ಕಡಿಮೆಯಾದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಇದನ್ನು ಕಲಿಯಲು ನನಗೆ ನಾಲ್ಕು ಸೀಸನ್ ಬೇಕಾಯಿತು.

8 ಲಕ್ಷ ಹಾಕಿ ಹೊಸದು ಕಟ್ಟುವುದು ಯಾಕೆ? ನಮ್ಮ ಕಡೆ ಎಷ್ಟೋ ಆಲೆಮನೆ ಬಾಗಿಲು ಹಾಕಿವೆ. ಒಂದು ಸೀಸನ್ ಬಾಡಿಗೆಗೆ ಹಿಡಿಯಲಿ. ಕೈ ಸುಟ್ಟರೂ ಬೆರಳು ಮಾತ್ರ ಸುಡುತ್ತದೆ.

ನಿವೃತ್ತ_ಕ್ಯಾಷಿಯರ್

ಇಷ್ಟು ಹೊತ್ತಿನಲ್ಲಿ ಬಂದ ಒಳ್ಳೆಯ ಪ್ರಸಂಗ ಇದು. ಲೂಕ 14:28, ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕಬೇಕು. ಗಾಣದವರು ಓದದೆಯೇ ಹೇಳಿದರು.

ಮದ್ದೂರು_ಸೈಕಲ್ (ಶನಿವಾರ ಬೆಳಿಗ್ಗೆ 6:05)

ಎಲ್ಲಾ ಓದಿದೆ. ಒಂದು ವಿಷಯ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಟೀಚರ್ ಮಾತು ಚುಚ್ಚಿತು, ಅದಕ್ಕೇ ಈಗ ಹೇಳುತ್ತೇನೆ.

ಒಂಬತ್ತು ವರ್ಷದ ಹಿಂದೆ ನನ್ನ ಹೆಂಡತಿಗೆ ಆಪರೇಷನ್ ಆಯಿತು. ಆಗ ನನಗೆ ಈ ಕೆಲಸ ಇರಲಿಲ್ಲ. 1 ಲಕ್ಷ ಸಾಲ ತೆಗೆದೆ. ಅದಕ್ಕೆ ಜಾಮೀನು ಹಾಕಿದವರು ಇದೇ ಮಾವ. ಒಂದು ಪ್ರಶ್ನೆ ಕೇಳಲಿಲ್ಲ. ಹೆಬ್ಬೆಟ್ಟು ಒತ್ತಿ ಬಸ್ಸು ಹತ್ತಿ ಹೋದರು.

ಹುಣಸೂರು_ರಸ್ತೆ

ಇದನ್ನು ಕೊನೆಗೆ ಹೇಳುತ್ತೀರಲ್ಲ ಸಾರ್.

ಲೂರ್ದ್‌ನಗರ_ಟೀಚರ್

ಇದು ಮತ್ತಾಯ 18 ಆಯಿತು. ಹತ್ತು ಸಾವಿರ ತಲಾಂತಿನ ಸಾಲ ಮಾಫಿ ಆದವನು ಹೊರಗೆ ಬಂದು ನೂರು ದಿನಾರಿಗೆ ಇನ್ನೊಬ್ಬನ ಕುತ್ತಿಗೆ ಹಿಡಿದ. ಒಂದು ದಿನಾರಿ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು ಆರು ಸಾವಿರ ದಿನಾರಿ. ದಿನಕ್ಕೆ 500 ರೂಪಾಯಿ ಕೂಲಿ ಹಿಡಿಯಿರಿ. ಇವನಿಗೆ ಬರಬೇಕಾದ್ದು 50 ಸಾವಿರ. ಇವನಿಗೆ ಮಾಫಿ ಆದದ್ದು 3 ಸಾವಿರ ಕೋಟಿ.

ನಿವೃತ್ತ_ಕ್ಯಾಷಿಯರ್

3 ಸಾವಿರ ಕೋಟಿ ಮಾಫಿ ಮಾಡಿದ ಆ ಬ್ರಾಂಚ್ ಮ್ಯಾನೇಜರ್ ಯಾರು ಸ್ವಾಮಿ!

ಟೀಚರ್, ಹೋಲಿಕೆ ಸ್ವಲ್ಪ ಎಳೆದ ಹಾಗಿದೆ. ಇವರು ಯಾರ ಕುತ್ತಿಗೆಯನ್ನೂ ಹಿಡಿದಿಲ್ಲ. ಮಾವ ಹೊತ್ತದ್ದು ಕಟ್ಟುವ ಹುಡುಗನ ಸಾಲ. ಭಾಮೈದ ಚೀಟಿಯಲ್ಲಿ ತೋರಿಸಿಕೊಂಡಿದ್ದಾನೆ. ಪೌಲನೇ 2 ಕೊರಿಂಥ 8:13ರಲ್ಲಿ ಬೇರೆಯವರಿಗೆ ಸುಖ ನಿಮಗೆ ಕಷ್ಟ ಆಗಲಿ ಅಂತ ನಾನು ಹೇಳುತ್ತಿಲ್ಲ ಅನ್ನುತ್ತಾನೆ.

ಲೂರ್ದ್‌ನಗರ_ಟೀಚರ್

ಋಣ ಇದೆ ಅಂದೆ ಅಷ್ಟೇ. 8 ಲಕ್ಷದ ಸಹಿಯಿಂದಲೇ ತೀರಿಸಿ ಅನ್ನಲಿಲ್ಲ. ಮತ್ತಾಯ 5:42 ಇನ್ನೊಂದು ಸಲ ಓದಿ ನೋಡಿ. ಕೊಡು ಅಂತಿದೆ. ಹೊಣೆ ಆಗು ಅಂತ ಇಲ್ಲ. ಕೊಡುವುದು ಕೈಯಲ್ಲಿ ಇರುವುದನ್ನು. ಜಾಮೀನು ನಾಳೆ ಬರುವುದನ್ನು, ಅದೂ ಮಕ್ಕಳದ್ದನ್ನು.

ನಂಬಿಕೆಯ_ವೀರ

ಬ್ರದರ್, ನಿನ್ನೆ ದುಡುಕಿ ಬರೆದೆ. ಅಂದಹಾಗೆ ನನ್ನ ಮೇಲೂ ಒಂದು ಜಾಮೀನು ಇದೆ. ಅದಕ್ಕೇ ನಂಬಿಕೆಯಿಂದ ಇದ್ದೇನೆ. ಪ್ರಾರ್ಥನೆ ಮಾಡಿ.

ಬೋಗಾದಿ_ಬಸ್ಸು

ಅಯ್ಯೋ ದೇವರೇ. ಎಷ್ಟಕ್ಕೆ?

ನಂಬಿಕೆಯ_ವೀರ

ಬೇಡ ಬಿಡಿ.

ಮದ್ದೂರು_ಸೈಕಲ್ (ಭಾನುವಾರ ರಾತ್ರಿ 8:40)

ಕೇಳಿದವರಿಗೆ. ಆರಾಧನೆ ಮುಗಿಸಿ ಮಾವನ ಮನೆಗೆ ಹೋದೆವು. 8 ಲಕ್ಷಕ್ಕೆ ಸಹಿ ಹಾಕುವುದಿಲ್ಲ ಅಂದೆ. ಹೇಳುವಾಗ ಗಂಟಲು ಒಣಗಿತು. ನನ್ನ ಹತ್ತಿರ 75 ಸಾವಿರ ಇತ್ತು, ಮಗಳ ಹೆಸರಿನ ಆರ್.ಡಿ. ಮುಟ್ಟದೆ. ಅದನ್ನು ಕೊಡುತ್ತೇನೆ, ವಾಪಸ್ ಕೇಳುವುದಿಲ್ಲ, ಒಂದು ಸೀಸನ್ ಆಲೆಮನೆ ಬಾಡಿಗೆಗೆ ಹಿಡಿ, ಲೆಕ್ಕದ ಪುಸ್ತಕ ತಿಂಗಳಿಗೊಮ್ಮೆ ತೋರಿಸು ಅಂದೆ.

ಭಾಮೈದ ಊಟ ಬಿಟ್ಟು ಎದ್ದ. "ಭಾವ, ನಾನೇನು ಭಿಕ್ಷೆ ಕೇಳಿದ್ದಾ" ಅಂದ. ಗಾಡಿ ತೆಗೆದುಕೊಂಡು ಹೋದವನು ಇನ್ನೂ ಬಂದಿಲ್ಲ. ಅತ್ತೆ ಏನೂ ಮಾತಾಡಲಿಲ್ಲ, ಸಾರು ಬಡಿಸುವಾಗ ತುಂಡು ಕಡಿಮೆ ಬಿತ್ತು. ಮಾವ ಮಾತ್ರ ಹೊರಗೆ ಬಿಡಲು ಬಂದಾಗ "ಬಾಡಿಗೆಗೆ ಅಂದರೆ ಎಷ್ಟಾಗುತ್ತದೆ" ಅಂತ ಮೆಲ್ಲಗೆ ಕೇಳಿದರು.

ಪಾಂಡವಪುರ_ಗಾಣ

ಹುಡುಗನನ್ನು ಒಂದು ವಾರ ನನ್ನ ಹತ್ತಿರ ಕಳಿಸಿ. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹಚ್ಚುತ್ತೇವೆ. ಎದ್ದರೆ ಎದ್ದ.

ಮಳವಳ್ಳಿ_ಸಂಘದಕ್ಕ

ಮನೆಯವರು ಏನಂದರು? ಅದನ್ನು ಹೇಳಲೇ ಇಲ್ಲ.

ಮದ್ದೂರು_ಸೈಕಲ್

ಬಸ್ಸಿನಲ್ಲಿ ಮಾತೇ ಇಲ್ಲ. ಈಗ ಪ್ರಾರ್ಥನೆಗೆ ಕರೆಯುತ್ತಿದ್ದಾಳೆ. ಯಾವ ಅಧ್ಯಾಯ ತೆಗೆಯುತ್ತಾಳೋ ಅಂತ ಭಯ.

ಸುಮ್ನೆ_ಓದುಗ

ತೆಗೆದ ಮೇಲೆ ಹೇಳಿ.

ಮದ್ದೂರು_ಸೈಕಲ್ (ರಾತ್ರಿ 9:55)

ಫಿಲೆಮೋನ. ಪೂರ್ತಿ ಓದಿದಳು. ಒಂದೇ ಅಧ್ಯಾಯ ಅಲ್ವಾ.

ಬೋಗಾದಿ_ಬಸ್ಸು

ಮಲಗಿ ಸಾರ್. ಹಾಸಿಗೆ ಇನ್ನೂ ಇದೆಯಲ್ಲ.